ಕೊಡಲಿ ಹಿಡಿದೇ ಹುಟ್ಟಿದ ಕುಳ್ಳರು

"ಹುಟ್ಟುಗುಣ ಸುಟ್ಟರೂ ಹೋಗೋಲ್ಲ" ಅನ್ನೋ ಗಾದೆ ನಮಗೆಲ್ಲ ಗೊತ್ತು. ಹೋಮ್‌ವರ್ಕ್ ಮಾಡದ ಹುಡುಗನಿಂದ ಹಿಡಿದು ಮಾತುಮಾತಿಗೆ ಸಿಡುಕೋ ಮ್ಯಾನೇಜರ್ ತನಕ ಯಾರ ಮೇಲೆ ಬೇಕಾದ್ರೂ ಬಿಡಬಹುದಾದ ಬಾಣ ಅದು. ಆದ್ರೆ ಈ ಗಾದೆಯನ್ನ ಅಕ್ಷರಶಃ ನಂಬಿ, ಅದಕ್ಕೆ ಅಂಕಿ ಹಚ್ಚಿ, ಕೋಷ್ಟಕ ಮಾಡಿ, ದಪ್ಪ ರಟ್ಟಿನ ಪುಸ್ತಕದಲ್ಲಿ ಅಚ್ಚು ಹಾಕಿದ ಜಾಗ ಒಂದಿದೆ. ಅದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟ. ಶನಿವಾರ ಸಂಜೆ ನಾನು ಮತ್ತು ನಾಲ್ಕು ಜನ ಗೆಳೆಯರು ದಾಳ, ಪೆನ್ಸಿಲ್, ಚುರುಮುರಿ ಇಟ್ಕೊಂಡು ಆಡೋ ಆಟ. ಈ ಆಟದ ಬಗ್ಗೆ ಬಹಳ ದಿನದಿಂದ ತಲೆಯಲ್ಲಿ ಕೊರೀತಿರೋ ಒಂದು ವಿಷಯವನ್ನ ಇವತ್ತು ಬರೆದೇ ಬಿಡ್ತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಬೋರ್ಡ್ ಇರಲೇಬೇಕು ಅಂತಿಲ್ಲ, ಗೆಲ್ಲೋದು ಸೋಲೋದೂ ಇಲ್ಲ. ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಸೂತ್ರಧಾರ. ಉಳಿದವರೆಲ್ಲ ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತೆ ಅಂತ ನಾವು ಹೇಳ್ತೀವಿ, ಅದು ಕೈಗೂಡುತ್ತೋ ಇಲ್ವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. ಪ್ರತಿ ಪಾತ್ರಕ್ಕೂ ಆರು ಅಂಕ ಇರುತ್ತೆ: ಬಲ, ಚುರುಕು, ಮೈಗಟ್ಟು, ಬುದ್ಧಿ, ವಿವೇಕ, ವರ್ಚಸ್ಸು. ಪಾತ್ರ ಮಾಡುವಾಗ ಎರಡು ಮುಖ್ಯ ಆಯ್ಕೆ. ಒಂದು ಕಸುಬು, ಅಂದ್ರೆ ಯೋಧನೋ ಮಂತ್ರವಾದಿಯೋ ಕಳ್ಳನೋ ಅಂತ. ಇನ್ನೊಂದು, ನೀವು ಯಾರು ಅಂತ: ಮನುಷ್ಯ, ಎಲ್ಫ್, ಡ್ವಾರ್ಫ್ (ನಾನು ಕುಳ್ಳ ಅಂತೀನಿ), ಹಾಫ್ಲಿಂಗ್, ನೋಮ್, ಅರೆ-ಆರ್ಕ್.. ಹೀಗೆ. ಈ ಎರಡನೇ ಆಯ್ಕೆಗೆ ಬಹಳ ಕಾಲ 'ರೇಸ್' ಅಂತ ಹೆಸರಿತ್ತು. ನನ್ನ ತಕರಾರು ಇರೋದು ಇಲ್ಲೇ.

ಕುಳ್ಳನನ್ನೇ ತಗೊಳ್ಳಿ. 2014ರ ಐದನೇ ಆವೃತ್ತಿಯ ಪುಸ್ತಕದಲ್ಲಿ ಕುಳ್ಳನಾಗಿ ಹುಟ್ಟಿದವನಿಗೆ ಸಿಗೋದು ಇಷ್ಟು: ಮೈಗಟ್ಟಿಗೆ +2, ಕತ್ತಲಲ್ಲಿ ಕಾಣೋ ಕಣ್ಣು, ವಿಷ ತಡೆಯೋ ಶಕ್ತಿ, ನಾಲ್ಕು ಬಗೆಯ ಕೊಡಲಿ-ಸುತ್ತಿಗೆಗಳಲ್ಲಿ ಪಳಗಿದ ಕೈ, ಕಮ್ಮಾರ ಅಥವಾ ಕಲ್ಲುಕುಟಿಗ ಅಥವಾ ಬಿಯರ್ ಮಾಡುವವನ ಸಲಕರಣೆಗಳ ಅಭ್ಯಾಸ, ಕಲ್ಲಿನ ಕಟ್ಟಡಗಳ ಬಗ್ಗೆ ತಿಳುವಳಿಕೆ, ಮತ್ತೆ ಕುಳ್ಳರ ಭಾಷೆ.

ಈ ಪಟ್ಟಿಯನ್ನ ಇನ್ನೊಂದ್ಸಲ ಓದಿ. ಕತ್ತಲಲ್ಲಿ ಕಾಣೋದು ಕಣ್ಣಿಗೆ ಸಂಬಂಧಿಸಿದ್ದು, ವಿಷ ತಡೆಯೋದು ರಕ್ತಕ್ಕೋ ಪಿತ್ತಜನಕಾಂಗಕ್ಕೋ ಸಂಬಂಧಿಸಿದ್ದು, ಸರಿ. ಆದ್ರೆ ಕೊಡಲಿ ಬೀಸೋದು? ಬಿಯರ್ ಮಾಡೋದು?? ಭಾಷೆ??? ಹೊಟ್ಟೆಯಿಂದ ಹೊರಗೆ ಬರ್ತಾನೇ ಕೂಸು ಕೈಯಲ್ಲಿ ಸುತ್ತಿಗೆ ಹಿಡ್ಕೊಂಡು ವ್ಯಾಕರಣಬದ್ಧವಾಗಿ ಅಳುತ್ತಾ? :)

ನಮ್ಮ ಅಭಿಮನ್ಯು ಕೂಡ ಹೊಟ್ಟೆಯಲ್ಲಿದ್ದಾಗ ಚಕ್ರವ್ಯೂಹವನ್ನ ಅರ್ಧ ಮಾತ್ರ ಕಲಿತಿದ್ದ. ಅದೂ ಪಕ್ಕದಲ್ಲಿ ಕೂತು ಒಬ್ಬರು ಹೇಳಿದ್ದಕ್ಕೆ. ಈ ಕುಳ್ಳರು ಯಾರೂ ಹೇಳದೆಯೇ ಪೂರ್ತಿ ಕಲಿತು ಬರ್ತಾರೆ.

ಎಲ್ಫುಗಳದ್ದೂ ಅದೇ ಕತೆ. ನಿದ್ದೆಯ ಬದಲು ನಾಲ್ಕು ಗಂಟೆ ಧ್ಯಾನ ಮಾಡಿದ್ರೆ ಸಾಕು ಅನ್ನೋದು ದೇಹದ ಗುಣ, ಒಪ್ಪಿದೆ (ರಿಲೀಸ್ ಇದ್ದ ವಾರದಲ್ಲಿ ನಮಗೂ ಆ ವರ ಸಿಕ್ಕಿದ್ರೆ ಚೆನ್ನಾಗಿತ್ತು). ಆದ್ರೆ ಅದರ ಪಕ್ಕದಲ್ಲೇ ಉದ್ದಕತ್ತಿ, ಗಿಡ್ಡಕತ್ತಿ, ಎರಡು ಬಗೆಯ ಬಿಲ್ಲುಗಳ ಅಭ್ಯಾಸವೂ ಹುಟ್ಟಿನ ಜೊತೆಗೇ ಬಂದುಬಿಡುತ್ತೆ. ಇನ್ನು ಅರೆ-ಆರ್ಕ್ ಆಗಿ ಹುಟ್ಟಿದ್ರೆ ಜನರನ್ನ ಬೆದರಿಸೋ ಕಲೆ ಉಚಿತ! ಪಾಪ, ಆ ಅರೆ-ಆರ್ಕ್ ಒಂದು ದೇವಸ್ಥಾನದಲ್ಲಿ ಗಂಟೆ ಬಾರಿಸಿಕೊಂಡು ಬೆಳೆದಿದ್ರೂ ಅಷ್ಟೇ.

ತಮಾಷೆ ಏನಂದ್ರೆ, ಇವೆಲ್ಲ ಕಲಿತ ವಿದ್ಯೆಗಳು ಅಂತ ಪುಸ್ತಕ ಬರೆದವರಿಗೇ ಗೊತ್ತಿತ್ತು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಕುಳ್ಳರಿಗೆ ದೈತ್ಯರ ಏಟಿನಿಂದ ತಪ್ಪಿಸಿಕೊಳ್ಳೋಕೆ +4 ಸಿಗ್ತಿತ್ತು. ಯಾಕೆ ಅಂತ ಅಲ್ಲೇ ವಿವರಣೆಯೂ ಇದೆ: ಹಿಂದಿನ ತಲೆಮಾರಿನವರು ದೈತ್ಯರ ಜೊತೆ ಹೊಡೆದಾಡಿ ಕಂಡುಕೊಂಡ ಪಟ್ಟುಗಳನ್ನ ಕುಳ್ಳರು ವಿಶೇಷ ತರಬೇತಿಯಲ್ಲಿ ಕಲೀತಾರಂತೆ. ಎಲ್ಫುಗಳು ಕತ್ತಿ ಬಿಲ್ಲುಗಳ ಕಲೆಯನ್ನ ಬಹಳ ಗೌರವಿಸ್ತಾರೆ, ಅದಕ್ಕೇ ಎಲ್ಲರಿಗೂ ಅದು ಗೊತ್ತು ಅಂತಾನೂ ಇದೆ. ಅಂದ್ರೆ ಕಾರಣ ಹೇಳುವಾಗ ಸಂಸ್ಕೃತಿ, ಅಂಕ ಕೊಡುವಾಗ ರಕ್ತ. ಕಾಮೆಂಟ್‌ನಲ್ಲಿ ಒಂದು ಬರೆದು ಕೋಡ್‌ನಲ್ಲಿ ಇನ್ನೊಂದು ಮಾಡೋ ಪ್ರೋಗ್ರಾಮರ್‌ಗಳನ್ನ ನಾನು ದಿನಾ ನೋಡ್ತೀನಿ, ಹಾಗಾಗಿ ಇದೇನೂ ಹೊಸದಲ್ಲ ಬಿಡಿ.

ಅದೇ ಪುಸ್ತಕಮಾಲೆಯಲ್ಲಿ ಒಂದು ಒಳ್ಳೆ ಉದಾಹರಣೆಯೂ ಇದೆ. ನೋಮ್‌ಗಳಿಗೆ ರಸವಿದ್ಯೆಯಲ್ಲಿ +2. ಯಾಕಪ್ಪಾ ಅಂದ್ರೆ ಅವರ ಮೂಗು ಬಹಳ ಸೂಕ್ಷ್ಮ, ಪಾತ್ರೆಯಲ್ಲಿ ಏನು ನಡೀತಿದೆ ಅಂತ ವಾಸನೆಯಲ್ಲೇ ಹೇಳಬಲ್ಲರು. ನನಗೆ ಇದು ತುಂಬಾ ಇಷ್ಟ. ವಿದ್ಯೆಯನ್ನ ರಕ್ತಕ್ಕೆ ಅಂಟಿಸಿಲ್ಲ. ದೇಹದ ಒಂದು ಗುಣ ವಿದ್ಯೆಗೆ ಹೇಗೆ ನೆರವಾಗುತ್ತೆ ಅಂತ ಹೇಳಿದ್ದಾರೆ. ಕಲಿಯೋದು ನೋಮ್‌ನ ಕೆಲಸ, ಮೂಗು ಕೊಟ್ಟಿದ್ದು ಹುಟ್ಟು.

ಈ ಗೊಂದಲದ ಬೇರು ಹುಡುಕ್ತಾ ಹೋದ್ರೆ ಆಟದ ಹುಟ್ಟಿಗೇ ಹೋಗಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟ ಹೊರತಂದಾಗ ಟಾಲ್ಕಿನ್ ಪ್ರಭಾವ ಎಷ್ಟಿತ್ತು ಅಂದ್ರೆ ಹಾಬಿಟ್‌ಗಳು ಹಾಬಿಟ್ ಅನ್ನೋ ಹೆಸರಲ್ಲೇ ಇದ್ರು. ಆಮೇಲೆ ಹಕ್ಕುದಾರರ ಆಕ್ಷೇಪಣೆಯಿಂದ ಹಾಫ್ಲಿಂಗ್ ಆದ್ರು. ಆ ಮೊದಲ ನಿಯಮಗಳಲ್ಲಿ ಕುಳ್ಳ ಯೋಧ ಮಾತ್ರ ಆಗಬಹುದಿತ್ತು, ಅದೂ ಆರನೇ ಹಂತದ ತನಕ. ಹಾಬಿಟ್ ಯೋಧನಿಗೆ ನಾಲ್ಕನೇ ಹಂತಕ್ಕೇ ಫುಲ್ ಸ್ಟಾಪ್. ಮನುಷ್ಯರಿಗೆ ಮಾತ್ರ ಮಿತಿ ಇರಲಿಲ್ಲ. ಆಟದ ಲೋಕ ಮನುಷ್ಯರ ಕೈಯಲ್ಲೇ ಇರಬೇಕು ಅನ್ನೋದು ಗೈಗ್ಯಾಕ್ಸ್ ಅವರ ವಾದ. ನೀವು ಎಷ್ಟೇ ದುಡಿದರೂ, ಎಷ್ಟೇ ರಾಕ್ಷಸರನ್ನ ಕೊಂದರೂ, ಹುಟ್ಟು ಎಳೆದ ಗೆರೆ ದಾಟೋ ಹಾಗಿಲ್ಲ.

1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳಲ್ಲಿ ಇದು ತುತ್ತತುದಿಗೆ ಹೋಯ್ತು. ಅಲ್ಲಿ ಮನುಷ್ಯ ಮಾತ್ರ ಕಸುಬು ಆರಿಸಿಕೊಳ್ತಾನೆ. ಎಲ್ಫ್, ಕುಳ್ಳ, ಹಾಫ್ಲಿಂಗ್ ಅನ್ನೋದೇ ಒಂದೊಂದು ಕಸುಬು! ನಿಮ್ಮ ಉದ್ಯೋಗ ಏನು ಅಂದ್ರೆ "ಎಲ್ಫ್" ಅನ್ನಬೇಕು. ಎಲ್ಲ ಎಲ್ಫುಗಳೂ ಕತ್ತಿ ಹಿಡೀತಾರೆ, ಎಲ್ಲ ಎಲ್ಫುಗಳೂ ಮಂತ್ರ ಹೇಳ್ತಾರೆ, ಎಲ್ಲ ಎಲ್ಫುಗಳೂ ಹತ್ತನೇ ಹಂತಕ್ಕೆ ನಿಲ್ತಾರೆ.

1978ರ 'ಅಡ್ವಾನ್ಸ್ಡ್' ಆವೃತ್ತಿಯ ಇನ್ನೊಂದು ನಿಯಮ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಅದರಲ್ಲಿ ಹೆಂಗಸರ ಪಾತ್ರಗಳಿಗೆ ಬಲದ ಅಂಕಕ್ಕೆ ಗಂಡಸರಿಗಿಂತ ಕೆಳಗೆ ಮಿತಿ ಇತ್ತು. ಬೆಂಕಿ ಉಗುಳೋ ಡ್ರ್ಯಾಗನ್ ಇದ್ರೆ ಪರವಾಗಿಲ್ಲ, ಬಲಶಾಲಿ ಹೆಂಗಸು ಮಾತ್ರ 'ವಾಸ್ತವಕ್ಕೆ ದೂರ'! 1989ರ ಎರಡನೇ ಆವೃತ್ತಿಯಲ್ಲಿ ಅದನ್ನ ತೆಗೆದುಹಾಕಿದರು. ಹಂತಗಳ ಮಿತಿಯನ್ನ 2000ದಲ್ಲಿ ತೆಗೆದರು. ಎರಡೂ ಸಲ ಆಟ ಏನೂ ಸತ್ತುಹೋಗಲಿಲ್ಲ. "ನಿಯಮ ಬದಲಾಯಿಸಿದರೆ ಆಟದ ಸ್ವಾರಸ್ಯವೇ ಹೋಗುತ್ತೆ" ಅಂತ ಇವತ್ತು ಹೇಳುವವರು ಇದನ್ನ ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೇದು.

ಇನ್ನೊಂದು ಮಜಾ ನೋಡಿ. ಕುಳ್ಳರ 'ಕಲ್ಲರಿವು' ಅಂತ ಒಂದು ಶಕ್ತಿ ಇದೆ, ಇಂಗ್ಲಿಷಲ್ಲಿ ಸ್ಟೋನ್‌ಕನಿಂಗ್. ಹೆಸರು ಅದೇ ಇದೆ, ಆದ್ರೆ ಆವೃತ್ತಿಯಿಂದ ಆವೃತ್ತಿಗೆ ಅರ್ಥ ಬದಲಾಗಿದೆ. 2000ದಲ್ಲಿ ಅದು ಒಂದು ಬಗೆಯ ಒಳಅರಿವು. ನೆಲದಡಿ ಎಷ್ಟು ಆಳದಲ್ಲಿದ್ದೀನಿ ಅಂತ ಕುಳ್ಳನಿಗೆ ತಾನಾಗೇ ಗೊತ್ತಾಗ್ತಿತ್ತು. 2014ರಲ್ಲಿ ಅದೇ ಶಕ್ತಿ ಇತಿಹಾಸ ಪಾಠ ಆಯ್ತು: ಈ ಕಲ್ಲಿನ ಕಟ್ಟಡದ ಮೂಲ ಏನು ಅಂತ ಹೇಳೋಕೆ ಹೆಚ್ಚುವರಿ ಅಂಕ. ಅಂದ್ರೆ ಓದಿ ಕೇಳಿ ತಿಳಿಯೋ ವಿಷಯ. 2024ರ ಪುಸ್ತಕದಲ್ಲಿ ಅದು ಮತ್ತೆ ದೇಹಕ್ಕೆ ವಾಪಸ್. ಕಲ್ಲಿನ ಮೇಲೆ ನಿಂತ ಕುಳ್ಳನಿಗೆ ಹತ್ತು ನಿಮಿಷ ಸುತ್ತಲಿನ ಕಂಪನಗಳು ಗೊತ್ತಾಗುತ್ತೆ. ಒಂದೇ ಶಕ್ತಿ ಇಂದ್ರಿಯವಾಗಿ, ವಿದ್ಯೆಯಾಗಿ, ಮತ್ತೆ ಇಂದ್ರಿಯವಾಗಿ ಓಡಾಡಿದೆ. ಹುಟ್ಟು ಮತ್ತು ಕಲಿಕೆಯ ನಡುವಿನ ಗೆರೆ ಎಲ್ಲಿದೆ ಅಂತ ಬರೆಯುವವರೇ ಐವತ್ತು ವರ್ಷದಿಂದ ಹುಡುಕ್ತಾ ಇದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

"ಅಯ್ಯೋ, ಇದು ಬರೀ ಆಟ ಮಾರಾಯ, ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ?" ಅಂತ ನೀವು ಕೇಳಬಹುದು. ನಮ್ಮ ಟೇಬಲ್‌ನಲ್ಲಿ ನಡೆದದ್ದು ಹೇಳ್ತೀನಿ.

ನಮ್ಮ ಗುಂಪಿನ ಗೆಳತಿಯೊಬ್ಬಳು ಕುಳ್ಳನ ಪಾತ್ರ ಮಾಡಿದಳು. ಹುಟ್ಟಿದ ವಾರಕ್ಕೇ ಅನಾಥ, ಮನುಷ್ಯರ ಬೆಸ್ತರ ಹಳ್ಳಿಯಲ್ಲಿ ಬೆಳೆದವನು. ಪಾತ್ರದ ಹಾಳೆ ತುಂಬಿಸ್ತಾ ತುಂಬಿಸ್ತಾ ಪೆನ್ಸಿಲ್ ನಿಲ್ಲಿಸಿ ಕೇಳಿದಳು: "ಅಲ್ಲ ಕಣ್ರೋ, ಇವನಿಗೆ ಯುದ್ಧದ ಕೊಡಲಿ ಬೀಸೋದು ಯಾರು ಹೇಳಿಕೊಟ್ರು?"

ಸೂತ್ರಧಾರ ಆಗಿದ್ದವನು "ಪುಸ್ತಕದಲ್ಲಿ ಹಾಗೇ ಇದೆ ಕಣೇ, ಸುಮ್ನೆ ತಗೋ. ಫ್ರೀ ತಾನೇ?" ಅಂದ.

"ಫ್ರೀ ಆದ್ರೂ ಬೇಡ. ಬಲೆ ಬೀಸೋದು, ದೋಣಿ ನಡೆಸೋದು ಕೊಡು. ಕುಳ್ಳರ ಭಾಷೆನೂ ತೆಗೆದುಹಾಕು, ಇವನಿಗೆ ಬರಲ್ಲ."

ಐದು ನಿಮಿಷದ ಮಾತು, ಕೊಟ್ಟು ತಗೊಂಡಿದ್ದಾಯ್ತು. ಆದ್ರೆ ಎರಡು ತಿಂಗಳ ನಂತರ ಆಟದಲ್ಲಿ ನಮ್ಮ ತಂಡ ಒಂದು ಬೆಟ್ಟದೊಳಗಿನ ಕುಳ್ಳರ ಊರಿಗೆ ಹೋಯ್ತು. ಬಾಗಿಲಲ್ಲಿದ್ದ ಮುದುಕ ಕುಳ್ಳ ಇವಳ ಪಾತ್ರದ ಮುಖ, ಗಡ್ಡ ನೋಡಿ ತಮ್ಮ ಭಾಷೆಯಲ್ಲಿ ಸಂತೋಷದಿಂದ ಏನೋ ಹೇಳಿದ. ಇವನಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಮುದುಕ ಇನ್ನೊಂದ್ಸಲ ಹೇಳಿದ, ನಿಧಾನವಾಗಿ. ಆಗಲೂ ಇಲ್ಲ. ಮುದುಕನ ಮುಖ ಬಾಡಿತು. ಟೇಬಲ್ ಸುತ್ತ ಯಾರೂ ಚುರುಮುರಿಗೆ ಕೈ ಹಾಕಲಿಲ್ಲ.

ಗೆಳತಿ ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಅಪ್ಪ ಅಮ್ಮ ಧಾರವಾಡ ಕಡೆಯವರು. ಮನೆಯಲ್ಲಿ ಯಾವುದೋ ಕಾರಣಕ್ಕೆ ಮಕ್ಕಳ ಹತ್ತಿರ ಕನ್ನಡ ಆಡಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ, ಇಪ್ಪತ್ತೆರಡನೇ ವಯಸ್ಸಿಗೆ, ಕನ್ನಡ ಕಲಿತಳು. ಆಟ ಮುಗಿದ ಮೇಲೆ ಸ್ಕೂಟರ್ ತೆಗೀತಾ ಅಂದಳು, "ನಮ್ಮಜ್ಜಿ ಮುಂದೆ ನಾನು ಹಿಂಗೇ ನಿಂತಿರ್ತಿದ್ದೆ."

ಪುಸ್ತಕದ ನಿಯಮದ ಪ್ರಕಾರ ಆಡಿದ್ದಿದ್ರೆ ಈ ಘಟನೆ ನಡೆಯೋಕೇ ಸಾಧ್ಯ ಇರಲಿಲ್ಲ. ಯಾಕಂದ್ರೆ ಪುಸ್ತಕದ ಪ್ರಕಾರ ಭಾಷೆ ರಕ್ತದಲ್ಲಿರುತ್ತೆ. ನಾವು ಕನ್ನಡದಲ್ಲಿ ಬ್ಲಾಗ್ ಬರೆಯೋ ಜನ, ನಮಗೆ ಹೇಳಬೇಕಾ? ಭಾಷೆ ರಕ್ತದಲ್ಲಿದ್ದಿದ್ರೆ ನಾವ್ಯಾರೂ ಇಷ್ಟು ಒದ್ದಾಡಬೇಕಿರಲಿಲ್ಲ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಮಗುವಿಗೂ ಅ ಆ ಇ ಈ ತಾನಾಗೇ ಬರ್ತಿತ್ತು, ವಾರಾಂತ್ಯದ ಕನ್ನಡ ಕಲಿ ತರಗತಿ ಬೇಕಿರಲಿಲ್ಲ. ಯಾರಾದ್ರೂ ಕಲಿಸಿದ್ರೆ ಮಾತ್ರ ಭಾಷೆ ಉಳಿಯೋದು. ಕಲಿಸೋದು ನಿಂತ ದಿನ ಅದು ಹೋಗುತ್ತೆ. ವಿದ್ಯೆ, ಕಸುಬು, ಅಡುಗೆ ಎಲ್ಲದರ ಹಣೆಬರಹವೂ ಇಷ್ಟೇ. ಕಲಿತದ್ದನ್ನ ಹುಟ್ಟಿಗೆ ಬರೆದುಬಿಟ್ಟರೆ, ಕಲಿಸಿದವರ ಶ್ರಮ ಕಾಣೋದೇ ಇಲ್ಲ. ನನ್ನ ಮುಖ್ಯ ತಕರಾರು ಇದು.

ಕತೆಗಾರರಿಗೆ ಇದು ಯಾವತ್ತೋ ಗೊತ್ತಾಗಿದೆ. ಆರ್. ಎ. ಸಾಲ್ವಟೋರ್ 1988ರಲ್ಲಿ ಸೃಷ್ಟಿಸಿದ ಡ್ರಿಜ್ಟ್ ಅನ್ನೋ ಕಪ್ಪು ಎಲ್ಫ್ ಡಿ ಅಂಡ್ ಡಿ ಲೋಕದ ಸೂಪರ್‌ಸ್ಟಾರ್. ನೆಲದಡಿಯ ಕ್ರೂರ ಊರಲ್ಲಿ ಹುಟ್ಟಿ, ಅದನ್ನ ಬಿಟ್ಟು ಬಂದವನು. ಅವನ ಗುರುತೇ ಎರಡು ಬಾಗುಕತ್ತಿಗಳು. ಆದ್ರೆ 2014ರ ಪುಸ್ತಕದಲ್ಲಿ ಕಪ್ಪು ಎಲ್ಫುಗಳಿಗೆ ಹುಟ್ಟಿನಿಂದ ಬರೋ ಆಯುಧಗಳ ಪಟ್ಟಿಯಲ್ಲಿ ಬಾಗುಕತ್ತಿಯೇ ಇಲ್ಲ! ಆ ಜನಾಂಗದ ಅತಿ ಪ್ರಸಿದ್ಧ ಕತ್ತಿವರಸೆಗಾರ ಗುರುವಿನ ಹತ್ತಿರ ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದು 'ಹುಟ್ಟುಗುಣ'ದ ಲೆಕ್ಕಕ್ಕೇ ಸಿಕ್ಕಿಲ್ಲ.

ಇನ್ನೊಬ್ಬ ನನ್ನ ಅಚ್ಚುಮೆಚ್ಚಿನವನು ಟೆರಿ ಪ್ರಾಚೆಟ್ ಅವರ 'ಗಾರ್ಡ್ಸ್! ಗಾರ್ಡ್ಸ್!' (1989) ಕಾದಂಬರಿಯ ಕ್ಯಾರಟ್. ಹುಟ್ಟಿನಿಂದ ಮನುಷ್ಯ, ಆರಡಿಗೂ ಮೀರಿದ ಆಳು. ಆದ್ರೆ ಕುಳ್ಳರು ಸಾಕಿ ಬೆಳೆಸಿದ್ದರಿಂದ ತನ್ನನ್ನ ಕುಳ್ಳ ಅಂತಲೇ ತಿಳಿದವನು. ಡಿ ಅಂಡ್ ಡಿಯ ಹಳೇ ನಿಯಮದಲ್ಲಿ ಇವನ ಪಾತ್ರದ ಹಾಳೆ ತುಂಬಿಸಿ ನೋಡೋಣ. ಕುಳ್ಳರ ಭಾಷೆ, ಕುಳ್ಳರ ಸುತ್ತಿಗೆ, ಕುಳ್ಳರ ಕಲ್ಲಿನ ಜ್ಞಾನ.. ಮನುಷ್ಯ ಅನ್ನೋ ಕಾಲಮ್‌ನಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ. ಬೆಳೆಸಿದ ತಾಯಿ ತಂದೆಗೆ ನಿಯಮದಲ್ಲಿ ಸೊನ್ನೆ ಅಂಕ.

ಈಗ ಅಂಕಗಳ ವಿಷಯಕ್ಕೆ ಬರೋಣ. ನಿಜವಾಗಿ ಚುಚ್ಚೋದು ಇಲ್ಲೇ.

ಮೂರನೇ ಆವೃತ್ತಿಯಲ್ಲಿ ಅರೆ-ಆರ್ಕ್‌ಗೆ ಬಲ +2, ಬುದ್ಧಿ -2, ವರ್ಚಸ್ಸು -2. 2016ರಲ್ಲಿ ಬಂದ 'ವೋಲೋಸ್ ಗೈಡ್' ಪುಸ್ತಕದಲ್ಲಿ ಆರ್ಕ್‌ಗಳಿಗೆ ಮತ್ತೆ ಬುದ್ಧಿ -2 ಬಂತು, 2020ರ ತಿದ್ದುಪಡಿಯಲ್ಲಿ ಹೋಯ್ತು. "ಎರಡು ಅಂಕ ತಾನೇ, ಏನು ಮಹಾ?" ಅಂತ ಕೇಳಿದ್ರೆ, ಲೆಕ್ಕ ಇಲ್ಲಿದೆ. 2014ರ ನಿಯಮದಲ್ಲಿ ಅಂಕ ಕೊಂಡು ಪಾತ್ರ ಮಾಡಿದ್ರೆ ಬುದ್ಧಿಯನ್ನ ಹೆಚ್ಚೆಂದರೆ 15ಕ್ಕೆ ಏರಿಸಬಹುದು. ನೋಮ್‌ಗೆ ಹುಟ್ಟಿನ +2 ಸೇರಿ 17, ಅಂದ್ರೆ ದಾಳಕ್ಕೆ +3. ಅರೆ-ಆರ್ಕ್‌ಗೆ 15ಕ್ಕೇ ನಿಂತು +2. ಮೊದಲ ಹಂತದ ಅಭ್ಯಾಸದ +2 ಸೇರಿಸಿದ್ರೆ ನೋಮ್ ಮಂತ್ರವಾದಿಗೆ +5, ಅರೆ-ಆರ್ಕ್‌ಗೆ +4. ಎದುರಾಳಿಯ ರಕ್ಷಣೆ 15 ಇದ್ರೆ ನೋಮ್‌ನ ಮಂತ್ರ 100ಕ್ಕೆ 55 ಸಲ ತಗಲುತ್ತೆ, ಅರೆ-ಆರ್ಕ್‌ನದು 50 ಸಲ.

ನೂರಕ್ಕೆ ಐದು. ಆಟದ ಮಟ್ಟಿಗೆ ನೋಡಿದ್ರೆ ಸಣ್ಣದು, ಆಡೋಕೇನೂ ಅಡ್ಡಿ ಇಲ್ಲ. ಆದ್ರೆ ಜನ ಏನು ಮಾಡ್ತಾರೆ ಗೊತ್ತಲ್ಲ? ಪಾತ್ರ ಮಾಡುವಾಗಲೇ "ಮಂತ್ರವಾದಿನಾ? ಹಾಗಾದ್ರೆ ಎಲ್ಫ್ ಅಥವಾ ನೋಮ್ ತಗೋ. ಆರ್ಕ್ ತಗೊಂಡ್ರೆ ವೇಸ್ಟ್" ಅಂತ ಸಲಹೆ ಶುರು. ನೂರಕ್ಕೆ ಐದರ ವ್ಯತ್ಯಾಸ ಟೇಬಲ್‌ಗೆ ಬರೋ ಹೊತ್ತಿಗೆ ನೂರಕ್ಕೆ ನೂರರ ಪದ್ಧತಿ ಆಗಿರುತ್ತೆ. ಆರ್ಕ್ ಅಂದ್ರೆ ಹೊಡೆಯುವವನು, ಎಲ್ಫ್ ಅಂದ್ರೆ ಓದುವವನು. ಯಾರೂ ಬಾಗಿಲು ಹಾಕಿಲ್ಲ, ಆದ್ರೂ ಒಳಗೆ ಯಾರೂ ಹೋಗ್ತಿಲ್ಲ. ಇಂಥ ಬಾಗಿಲುಗಳನ್ನ ಆಟದ ಹೊರಗೂ ನೋಡಿದ್ದೀವಿ ಅಲ್ವಾ?

ಅದಕ್ಕೇ 'ರೇಸ್' ಅನ್ನೋದನ್ನ ಕನ್ನಡಕ್ಕೆ ತರೋಕೆ ಹೋದಾಗ ನನ್ನ ಕೈ ಹಿಡಿದುಕೊಳ್ತು. ಜನಾಂಗ ಅನ್ನಬಹುದು. ಕುಲ ಅನ್ನಬಹುದು. ಆದ್ರೆ ಹುಟ್ಟಿನಿಂದ ಬರೋದು, ಬದಲಾಯಿಸೋಕೆ ಆಗದ್ದು, ಜೊತೆಗೆ ಇಂಥ ಕಸುಬು, ಇಂಥ ಬುದ್ಧಿ, ಇಂಥ ನಡತೆ ಅಂತ ಪಟ್ಟಿ ಹಚ್ಚಿಕೊಂಡು ಬರೋದು.. ಇದಕ್ಕೆ ನಮ್ಮಲ್ಲಿ ಬಹಳ ಹಳೇ ಶಬ್ದ ಒಂದಿದೆ. ನಾನು ಬರೆಯೋದೇ ಬೇಡ, ನಿಮಗೆ ಗೊತ್ತಾಯ್ತು.

ಈಗ ಎದುರು ವಾದ. ಇದನ್ನ ನಾನು ಹಗುರವಾಗಿ ತಗೊಳ್ಳಲ್ಲ, ಯಾಕಂದ್ರೆ ಅದರಲ್ಲಿ ಹುರುಳಿದೆ. "ಎಲ್ಫ್ ಮನುಷ್ಯ ಅಲ್ಲಪ್ಪ. ಅದು ಬೇರೆಯದೇ ಜೀವಿ. ಏಳುನೂರು ವರ್ಷ ಬದುಕುತ್ತೆ. ಡ್ರ್ಯಾಗನ್‌ಬಾರ್ನ್ ಬೆಂಕಿ ಉಗುಳುತ್ತೆ. ಮನುಷ್ಯರಲ್ಲಿ ಹುಟ್ಟಿನ ಭೇದ ಮಾಡೋದು ತಪ್ಪು ಅಂತ ಬೆಕ್ಕಿಗೂ ಆನೆಗೂ ಒಂದೇ ಬಲ ಕೊಡೋಕಾಗುತ್ತಾ? ಎಲ್ಲ ವ್ಯತ್ಯಾಸ ತೆಗೆದುಬಿಟ್ರೆ ಕುಳ್ಳ ಅಂದ್ರೆ ಗಡ್ಡ ಬಿಟ್ಟ ಗಿಡ್ಡ ಮನುಷ್ಯ, ಅಷ್ಟೇ. ಆಮೇಲೆ ಏನು ಮಜಾ?"

ಸರಿಯಾದ ಮಾತು. ನಾನೂ ವ್ಯತ್ಯಾಸ ತೆಗೀರಿ ಅಂತಿಲ್ಲ. ಇನ್ನೂ ಹೆಚ್ಚು ಮಾಡಿ ಅಂತೀನಿ! ಬೆಂಕಿ ಉಗುಳಲಿ, ರೆಕ್ಕೆ ಬಿಚ್ಚಿ ಹಾರಲಿ, ಕಲ್ಲಿನ ಕಂಪನ ಕೇಳಲಿ, ನಿದ್ದೆ ಮಾಡದೇ ಧ್ಯಾನ ಮಾಡಲಿ. ಇವೆಲ್ಲ ಮನುಷ್ಯರಿಗೆ ಇಲ್ಲದ ವಿಚಿತ್ರ, ನಿಜವಾದ ಬೇರೆತನ. ಆದ್ರೆ "ಬುದ್ಧಿ -2" ಯಾವ ಬೇರೆತನ? ಅದು ಮನುಷ್ಯರು ಮನುಷ್ಯರ ಬಗ್ಗೆ ಸಾವಿರ ವರ್ಷದಿಂದ ಹೇಳ್ತಾ ಬಂದಿರೋ ಹಳಸಲು ಮಾತು, ಹಸಿರು ಬಣ್ಣ ಬಳಿದುಕೊಂಡು ಬಂದಿದೆ ಅಷ್ಟೇ. ಮತ್ತೆ ಈ ಆರ್ಕ್‌ಗಳು ಬೆಕ್ಕು ಆನೆಗಳ ಹಾಗಲ್ಲ. ಮಾತಾಡ್ತಾರೆ, ಮನೆ ಕಟ್ಟುತ್ತಾರೆ, ದೇವರಿಗೆ ಕೈ ಮುಗೀತಾರೆ, ಮಕ್ಕಳಿಗೆ ಕಲಿಸ್ತಾರೆ. ಕಲಿಸೋ ಮತ್ತು ಕಲಿಯೋ ಜೀವಿ ಯಾವುದೇ ಆದ್ರೂ, ಅದು ಏನು ಕಲಿತಿದೆ ಅನ್ನೋದನ್ನ ಹುಟ್ಟು ನೋಡಿ ಹೇಳೋಕಾಗಲ್ಲ.

ಆಟ ತಯಾರಿಸೋ ಕಂಪನಿ ಸುಮ್ಮನೆ ಕೂತಿಲ್ಲ ಅನ್ನೋದನ್ನೂ ಹೇಳಬೇಕು. 2020ರಲ್ಲಿ ಬಂದ 'ತಾಶಾಸ್ ಕಾಲ್ಡ್ರನ್' ಪುಸ್ತಕದಲ್ಲಿ ಹುಟ್ಟಿನ ಅಂಕ, ಭಾಷೆ, ಆಯುಧದ ಅಭ್ಯಾಸ ಎಲ್ಲವನ್ನೂ ಆಟಗಾರರು ಬೇರೆಯದಕ್ಕೆ ಬದಲಾಯಿಸಿಕೊಳ್ಳಬಹುದು ಅಂತ ಬಿಟ್ಟರು. 2022ರ ಕೊನೆಗೆ 'ರೇಸ್' ಪದ ಕೈಬಿಡ್ತೀವಿ ಅಂತ ಪ್ರಕಟಿಸಿದರು. 2024ರ ಪುಸ್ತಕದಲ್ಲಿ ಅದು 'ಸ್ಪೀಷೀಸ್' ಆಯ್ತು. ಕುಳ್ಳನಿಗೆ ಹುಟ್ಟಿನಿಂದ ಬರ್ತಿದ್ದ ಕೊಡಲಿ ಹೋಯ್ತು, ಕತ್ತಲ ಕಣ್ಣು ಮತ್ತು ವಿಷ ತಡೆಯೋ ಶಕ್ತಿ ಉಳೀತು. ಭಾಷೆಗಳನ್ನ ಯಾರು ಬೇಕಾದ್ರೂ ಆರಿಸಿಕೊಳ್ಳಬಹುದು. ಇಷ್ಟಕ್ಕೆ ಚಪ್ಪಾಳೆ.

ಆದ್ರೆ (ಒಂದು 'ಆದ್ರೆ' ಇದ್ದೇ ಇರುತ್ತಲ್ಲ) ಅಂಕಗಳನ್ನ ಹುಟ್ಟಿನಿಂದ ತೆಗೆದು ಎಲ್ಲಿಗೆ ಹಾಕಿದ್ರು ನೋಡಿ. 'ಬ್ಯಾಕ್‌ಗ್ರೌಂಡ್' ಅಂತ, ಅಂದ್ರೆ ಪಾತ್ರದ ಹಿನ್ನೆಲೆಗೆ. ಹದಿನಾರು ಹಿನ್ನೆಲೆಗಳಿವೆ. ಪ್ರತಿಯೊಂದಕ್ಕೂ ಮೂರು ಗುಣ ಗೊತ್ತುಮಾಡಿದ್ದಾರೆ, ಆ ಮೂರರಲ್ಲೇ ಅಂಕ ಏರಿಸಬೇಕು. ರೈತನ ಹಿನ್ನೆಲೆಗೆ ಬಲ, ಮೈಗಟ್ಟು, ವಿವೇಕ. ಶ್ರೀಮಂತ ಮನೆತನದ ಹಿನ್ನೆಲೆಗೆ ಬಲ, ಬುದ್ಧಿ, ವರ್ಚಸ್ಸು.

ಗಮನಿಸಿದ್ರಾ? ಆರ್ಕ್ ಬುದ್ಧಿವಂತ ಆಗಬಹುದು, ಸಂತೋಷ. ಆದ್ರೆ ಹೊಲ ಉಳುವ ಮನೆಯಲ್ಲಿ ಬೆಳೆದವನಿಗೆ ಬುದ್ಧಿಯ ಹೆಚ್ಚುವರಿ ಅಂಕ ಇಲ್ಲ, ಜಮೀನ್ದಾರನ ಮಗನಿಗೆ ಇದೆ! ರಕ್ತದ ಹಣೆಬರಹ ಅಳಿಸಿ ಕಸುಬಿನ ಹಣೆಬರಹ ಬರೆದ ಹಾಗಾಯ್ತು. ಅಮೆರಿಕದಲ್ಲಿ ಕೂತು ಬರೆದವರಿಗೆ ಇವೆರಡೂ ಬೇರೆ ಬೇರೆ ಅನ್ನಿಸಿರಬಹುದು. ಅಪ್ಪನ ಕಸುಬು ನೋಡಿ ಮಗನ ತಲೆ ಅಳೆಯೋ ಊರಿನಿಂದ ಬಂದ ನನ್ನಂಥವನಿಗೆ ಇವೆರಡರ ನಡುವೆ ಅಂಥಾ ದೂರ ಕಾಣಲಿಲ್ಲ. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಅರ್ಧ ಕ್ಲಾಸು ರೈತರ ಮಕ್ಕಳೇ. ಸೂತ್ರಧಾರರ ಕೈಪಿಡಿಯಲ್ಲಿ ಹೊಸ ಹಿನ್ನೆಲೆ ಕಟ್ಟಿಕೊಳ್ಳೋ ದಾರಿ ಇದೆ ಅನ್ನೋದು ಸಮಾಧಾನ. ಆದ್ರೆ ಹೊಸಬರು ಓದೋದು ಆಟಗಾರರ ಪುಸ್ತಕವನ್ನ, ಕೈಪಿಡಿಯನ್ನಲ್ಲ.

ಹಾಗಾದ್ರೆ ಸರಿ ದಾರಿ ಯಾವುದು? ನಮ್ಮ ಕಸುಬಿನ ಭಾಷೆಯಲ್ಲೇ ಹೇಳ್ತೀನಿ, ಬೇರೆ ಕಸುಬಿನವರು ಕ್ಷಮಿಸಿ. ಪ್ರೋಗ್ರಾಮಿಂಗ್‌ನಲ್ಲಿ ಎರಡು ವಿಧಾನ. ಒಂದು ಇನ್‌ಹೆರಿಟೆನ್ಸ್: ತಂದೆ ಕ್ಲಾಸಿನಲ್ಲಿ ಇರೋದೆಲ್ಲ ಮಗನಿಗೆ ತಾನಾಗೇ ಬರುತ್ತೆ, ಬೇಕೋ ಬೇಡವೋ ಕೇಳೋದಿಲ್ಲ. ಇನ್ನೊಂದು ಕಾಂಪೊಸಿಷನ್: ಬೇಕಾದ ತುಂಡುಗಳನ್ನ ಜೋಡಿಸಿಕೊಂಡು ವಸ್ತು ಕಟ್ಟೋದು. ಮೊದಲನೆಯದನ್ನ ಅತಿಯಾಗಿ ಬಳಸಿದ ಕೋಡ್ ಎರಡು ವರ್ಷದಲ್ಲಿ ಯಾರೂ ಮುಟ್ಟೋಕೆ ಹೆದರೋ ಗೋಜಲಾಗುತ್ತೆ ಅಂತ ನಾವೆಲ್ಲ ಪೆಟ್ಟು ತಿಂದು ಕಲಿತಿದ್ದೀವಿ. ಹಕ್ಕಿ ಅನ್ನೋ ಕ್ಲಾಸಿನಲ್ಲಿ 'ಹಾರು' ಅಂತ ಬರೆದಿಟ್ಟು, ಆಮೇಲೆ ಪೆಂಗ್ವಿನ್ ಬಂದಾಗ ತಲೆ ಕೆರೆದುಕೊಳ್ಳೋ ಹಳೇ ಉದಾಹರಣೆ ಗೊತ್ತಲ್ಲ? ಬೆಸ್ತರ ಮನೆಯಲ್ಲಿ ಬೆಳೆದ ಕುಳ್ಳ ಅಂಥ ಪೆಂಗ್ವಿನ್.

ಇನ್ನೊಂದು ಆಟ, ಪಾತ್‌ಫೈಂಡರ್, ತನ್ನ 2019ರ ಎರಡನೇ ಆವೃತ್ತಿಯಲ್ಲಿ ಈ ದಿಕ್ಕಿನಲ್ಲಿ ಒಳ್ಳೆ ಹೆಜ್ಜೆ ಇಟ್ಟಿದೆ. ಅದರಲ್ಲಿ 'ಆನ್ಸೆಸ್ಟ್ರಿ' ಅಂತಾರೆ. ಕುಳ್ಳರ ಆಯುಧಗಳ ಪರಿಚಯ ಎಲ್ಲ ಕುಳ್ಳರಿಗೂ ಬರೋದಿಲ್ಲ, ಬೇಕಾದವರು ಆರಿಸಿಕೊಳ್ಳಬೇಕು. ಇನ್ನೂ ಚೆಂದದ್ದು 'ಅಡಾಪ್ಟೆಡ್ ಆನ್ಸೆಸ್ಟ್ರಿ' ಅನ್ನೋ ಆಯ್ಕೆ. ಬೇರೆ ಜನರ ನಡುವೆ ಬೆಳೆದವನೋ, ಅವರೊಂದಿಗೆ ಆಳವಾದ ಸ್ನೇಹ-ಪ್ರೀತಿಯಲ್ಲಿ ಬೆರೆತವನೋ ಅವರ ವಿದ್ಯೆಗಳನ್ನ ಕಲಿಯಬಹುದು. ಒಂದೇ ಷರತ್ತು: ಆ ವಿದ್ಯೆಗೆ ನಿಮಗಿಲ್ಲದ ದೇಹದ ಅಂಗ ಬೇಕಾಗಿರಬಾರದು. ನೋಡಿ, ಎಷ್ಟು ಸರಳ! ರೆಕ್ಕೆ ಇಲ್ಲದವನು ಹಾರೋಕಾಗಲ್ಲ, ಆದ್ರೆ ಕುಳ್ಳರ ಕೊಡಲಿ ವಿದ್ಯೆ ಯಾರು ಬೇಕಾದ್ರೂ ಕಲಿಯಬಹುದು. ಕ್ಯಾರಟ್‌ಗೆ ಕೊನೆಗೂ ಒಂದು ಕಾಲಮ್ ಸಿಕ್ಕಿತು.

ಇದನ್ನೇ ಇಟ್ಟುಕೊಂಡು ನಮ್ಮ ಟೇಬಲ್‌ನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೀವಿ. ಪುಸ್ತಕ ಯಾವ ಆವೃತ್ತಿಯದ್ದಾದರೂ ನಡೆಯುತ್ತೆ. ಪ್ರತಿ ಗುಣಕ್ಕೂ ಒಂದು ಪ್ರಶ್ನೆ ಕೇಳೋದು: "ಹುಟ್ಟಿದ ದಿನವೇ ಈ ಕೂಸನ್ನ ಬೇರೆಯವರ ತೊಟ್ಟಿಲಲ್ಲಿ ಹಾಕಿದ್ರೆ, ಈ ಗುಣ ಉಳಿಯುತ್ತಾ?" ಉಳಿಯುತ್ತೆ ಅಂದ್ರೆ ಅದು ದೇಹದ್ದು, ಹುಟ್ಟಿನ ಕಾಲಮ್‌ಗೆ. ಉಳಿಯಲ್ಲ ಅಂದ್ರೆ ಅದು ಬೆಳೆಸಿದವರ ಕಾಲಮ್‌ಗೆ, ಮತ್ತೆ ಆ ಕಾಲಮ್ ತುಂಬಿಸೋದು ಆಟಗಾರರ ಹಕ್ಕು. ಬಲ, ಬುದ್ಧಿ ಇತ್ಯಾದಿ ಆರು ಅಂಕಗಳು ಹುಟ್ಟಿಗೂ ಸೇರಿದ್ದಲ್ಲ, ಅಪ್ಪನ ಕಸುಬಿಗೂ ಸೇರಿದ್ದಲ್ಲ. ಅವು ಆ ಒಬ್ಬ ವ್ಯಕ್ತಿಯವು, ಎಲ್ಲಿ ಬೇಕಾದ್ರೂ ಹಾಕಿಕೊಳ್ಳಲಿ.

ಕರ್ಣನ ಮೇಲೆ ಈ ಪ್ರಶ್ನೆ ಹಾಕಿ ನೋಡಿ. ಅವನ ತೊಟ್ಟಿಲು ನಿಜವಾಗಿಯೂ ಬದಲಾಗಿತ್ತಲ್ಲ. ಕವಚ ಕುಂಡಲ ಉಳೀತು, ಅದು ಹುಟ್ಟಿನದು. ಬಿಲ್ಲುವಿದ್ಯೆ ಅವನು ಕಲಿತದ್ದು. ಸೂತನ ಮಗ ಅನ್ನೋ ಹೆಸರು ಊರವರು ಅಂಟಿಸಿದ್ದು. ಮೂರೂ ಬೇರೆ ಬೇರೆ ಕಾಲಮ್. ತುಂಬಿದ ಸಭೆಯಲ್ಲಿ ಮೂರನೇ ಕಾಲಮ್ ನೋಡಿ ಎರಡನೇ ಕಾಲಮ್ಮನ್ನ ಅಳೆದರು, ಅವನ ಪೂರ್ತಿ ದುರಂತ ಶುರುವಾಗಿದ್ದು ಅಲ್ಲೇ.

ಈ ಪದ್ಧತಿಯಿಂದ ಆಟ ಬೋರ್ ಆಯ್ತಾ? ಇಲ್ಲ. ಈಗ ಪಾತ್ರ ಮಾಡುವಾಗ ಯಾರೂ "ಯಾವ ರೇಸ್ ತಗೊಂಡ್ರೆ ಲಾಭ" ಅಂತ ಕೇಳಲ್ಲ. "ನಿನ್ನ ಆರ್ಕ್‌ನ ಬೆಳೆಸಿದ್ದು ಯಾರು? ಯಾರ ಹತ್ತಿರ ಕಲಿತ? ಏನು ಕಲಿಯೋಕಾಗದೇ ಬಿಟ್ಟ?" ಅಂತ ಕೇಳ್ತಾರೆ. ಕತೆ ಅಲ್ಲಿಂದಲೇ ಶುರುವಾಗುತ್ತೆ. ಅಂದಹಾಗೆ ಗೆಳತಿಯ ಕುಳ್ಳ ಈಗ ಆ ಬೆಟ್ಟದ ಊರಿನ ಮುದುಕನ ಹತ್ತಿರ ಭಾಷೆ ಕಲೀತಿದ್ದಾನೆ. ವ್ಯಾಕರಣ ತಪ್ಪುತಪ್ಪು, ಉಚ್ಚಾರ ಬೆಸ್ತರದ್ದು. ಮುದುಕನಿಗೆ ಅದರ ಬಗ್ಗೆ ತಕರಾರಿಲ್ಲ.

ಗಾದೆ ಮಾಡಿದವರು ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದರು. ಹೋಗದೇ ಇದ್ದರೆ ಇರಲಿ, ಅದಕ್ಕೆ ಕಾವಲು ಬೇಕಾಗಿಲ್ಲ. ಕಲಿತ ಗುಣ ಹಾಗಲ್ಲ, ಒಂದು ತಲೆಮಾರು ಮರೆತರೆ ಮುಗೀತು. ನಿಯಮದ ಪುಸ್ತಕ ಬರೆಯುವವರು ಯಾವುದನ್ನ ಹೆಚ್ಚು ಜೋಪಾನವಾಗಿ, ಬೇರೆಯದೇ ಪುಟದಲ್ಲಿ ಬರೆದಿಡಬೇಕು ಅಂತ ನೀವೇ ಹೇಳಿ.

ಇದನ್ನ ಓದಿ ನಿಮ್ಮಲ್ಲಿ ಯಾರಿಗಾದ್ರೂ ದಾಳ ಉರುಳಿಸೋ ಮನಸ್ಸಾದರೆ ಕಾಮೆಂಟ್ ಹಾಕಿ, ಶನಿವಾರ ಇನ್ನೊಂದು ಕುರ್ಚಿ ಖಾಲಿ ಇದೆ. 'ಸ್ಪೀಷೀಸ್'ಗೆ ಜೀವಶಾಸ್ತ್ರದ 'ಪ್ರಭೇದ' ಬಿಟ್ಟು, ಆಟದ ಟೇಬಲ್‌ನಲ್ಲಿ ಬಾಯಿಗೆ ಸಲೀಸಾಗಿ ಬರೋ ಒಳ್ಳೆ ಕನ್ನಡ ಪದ ಹೊಳೆದರೂ ತಿಳಿಸಿ. ಹಳೇ ಶಬ್ದ ಮಾತ್ರ ಬೇಡ :)